ನಿಲ್ಲಿಸಿದ ಗಾಡಿಯೇ ಪ್ರಯೋಗಶಾಲೆ: ತಿಪ್ಪಸಂದ್ರ ಭಾಗದ ಪ್ರೌಢಶಾಲೆಗಳಿಗೊಂದು ಪಾಠ ಘಟಕ

ತರಗತಿ: 9
ವಿಷಯ: ವಿಜ್ಞಾನ
ಘಟಕದ ಸ್ವರೂಪ: ಅನ್ವಯ ಪಾಠ (ಒತ್ತಡ, ಘರ್ಷಣೆ, ಚಲನೆ, ಜಡತ್ವ, ದಹನ)
ಅವಧಿಗಳು: 4, ತಲಾ 40 ನಿಮಿಷ
ಬೋಧನೋಪಕರಣಗಳು: ಒಂದು ಸ್ಕೂಟರ್ ಅಥವಾ ಮೊಪೆಡ್, ಒಂದು ಸೈಕಲ್, ಸ್ಪ್ರಿಂಗ್ ತಕ್ಕಡಿ, ಇಟ್ಟಿಗೆ, ಗ್ರಾಫ್ ಹಾಳೆ, ಅಳತೆ ಟೇಪು, ರಾಗಿ ಹುಲ್ಲು, ಹಳೆಯ ಸ್ಪಾರ್ಕ್ ಪ್ಲಗ್ಗುಗಳು, ಹಳೆಯ ಏರ್ ಫಿಲ್ಟರ್

1. ಈ ಘಟಕ ಏಕೆ?

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಂತಹ ಕಡೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಮಾತನ್ನು ವರದಿಯಲ್ಲಿ ಬರೆಯುತ್ತಾರೆ: ‘ಶಾಲೆಯಲ್ಲಿ ಪ್ರಯೋಗಾಲಯದ ಸೌಲಭ್ಯ ಸಾಲದು.’ ಆ ವರದಿ ಬರೆದವರು ಶಾಲೆಗೆ ಬಂದದ್ದು ಬಹುಪಾಲು ದ್ವಿಚಕ್ರ ವಾಹನದಲ್ಲೇ. ಆವರಣದ ಮರದಡಿ ನಿಂತಿರುವ ಆ ಗಾಡಿಯಲ್ಲಿ ಒತ್ತಡವಿದೆ, ಘರ್ಷಣೆಯಿದೆ, ಸನ್ನೆಕೋಲಿದೆ, ಗಿಯರಿದೆ, ದಹನವಿದೆ. ಮಕ್ಕಳಿಗೆ ಅದು ಗೊತ್ತಿರುವ ವಸ್ತು. ಬೆಳಗ್ಗೆ ಡೇರಿಗೆ ಹಾಲು ಹೋಗುವುದು, ಹೊಲಕ್ಕೆ ಗೊಬ್ಬರ ಹೋಗುವುದು, ಮಾರುಕಟ್ಟೆಗೆ ರೇಷ್ಮೆಗೂಡು ಹೋಗುವುದು ಅದರ ಮೇಲೆಯೇ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಒಂಬತ್ತನೆಯ ತರಗತಿಯ ಕೆಲವು ಮಕ್ಕಳು ಈಗಾಗಲೇ ಗಾಡಿ ಓಡಿಸುತ್ತಾರೆ. ಅದು ಕಾನೂನಿಗೆ ವಿರುದ್ಧ. ಶಿಕ್ಷಕರಿಗೂ ಗೊತ್ತು, ಪೋಷಕರಿಗೂ ಗೊತ್ತು. ಈ ಸ್ಥಿತಿಯಲ್ಲಿ ಎರಡು ಸುಲಭದ ದಾರಿಗಳಿವೆ. ಒಂದು, ಆ ವಿಷಯವನ್ನೇ ಎತ್ತದಿರುವುದು. ಇನ್ನೊಂದು, ಹತ್ತು ನಿಮಿಷ ಬುದ್ಧಿವಾದ ಹೇಳಿ ಮುಗಿಸುವುದು. ಎರಡರಿಂದಲೂ ಮಗುವಿನ ತಲೆಯೊಳಗಿರುವ ತಪ್ಪು ಕಲ್ಪನೆ ಅಲ್ಲಾಡುವುದಿಲ್ಲ. ‘ಮುಂದುಗಡೆ ಬ್ರೇಕ್ ಹಿಡಿದ್ರೆ ಮಗುಚ್ಕೊಳ್ತೀವಿ’, ‘ಎಕ್ಸೆಲ್‌ಗೆ ಲೈಸೆನ್ಸ್ ಬೇಡ’, ‘ಇಳಿಜಾರಲ್ಲಿ ಆಫ್ ಮಾಡಿ ಬಿಟ್ರೆ ಪೆಟ್ರೋಲ್ ಉಳಿಯುತ್ತೆ’ ಎಂಬಂತಹ ಮಾತುಗಳು ಹಳ್ಳಿಯ ಕಟ್ಟೆಯಲ್ಲಿ ಪಾಠದಂತೆ ಹರಡುತ್ತವೆ. ಅವುಗಳಿಗೆ ಉತ್ತರ ಕೊಡಬೇಕಾದದ್ದು ವಿಜ್ಞಾನದ ತರಗತಿ.

ಗಾಡಿ ಓಡಿಸುವುದನ್ನು ಈ ಘಟಕ ಕಲಿಸುವುದಿಲ್ಲ. ನಿಂತ ಗಾಡಿಯನ್ನು ಅಳೆಯುವುದನ್ನು, ಲೆಕ್ಕ ಹಾಕುವುದನ್ನು, ನೋಡಿಕೊಳ್ಳುವುದನ್ನು ಕಲಿಸುತ್ತದೆ. ಈ ಗೆರೆಯನ್ನು ಪ್ರಶಿಕ್ಷಣಾರ್ಥಿ ಮೊದಲು ತಾನು ಸ್ಪಷ್ಟಪಡಿಸಿಕೊಳ್ಳಬೇಕು.

2. ಕಲಿಕಾ ಫಲಗಳು

ವಿದ್ಯಾರ್ಥಿಯು,
• ಟೈರು ನೆಲಕ್ಕೆ ತಾಗುವ ವಿಸ್ತೀರ್ಣವನ್ನು ಅಳೆದು ಒತ್ತಡದ ಸೂತ್ರದೊಂದಿಗೆ ಹೋಲಿಸುವನು/ಳು.
• ವೇಗ ಮತ್ತು ನಿಲುಗಡೆ ದೂರದ ಸಂಬಂಧವನ್ನು ಲೆಕ್ಕದಿಂದ ತೋರಿಸುವನು/ಳು.
• ಬ್ರೇಕ್ ಹಾಕಿದಾಗ ಮುಂಚಕ್ರದ ಮೇಲೆ ಭಾರ ಹೆಚ್ಚುವ ಕಾರಣವನ್ನು ವಿವರಿಸುವನು/ಳು.
• ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ದಹನದ ಸ್ಥಿತಿಯನ್ನು ಊಹಿಸುವನು/ಳು.
• ಮನೆಯ ಗಾಡಿಗೆ ವಾರದ ತಪಾಸಣೆ ಪಟ್ಟಿಯನ್ನು ಸಿದ್ಧಪಡಿಸುವನು/ಳು.

3. ಪೂರ್ವಸಿದ್ಧತೆ ಮತ್ತು ನಿಯಮಗಳು

ಗಾಡಿ ಸಮತಟ್ಟಾದ ನೆಲದ ಮೇಲೆ ಸೆಂಟರ್ ಸ್ಟ್ಯಾಂಡಿನಲ್ಲಿರಲಿ. ಎಂಜಿನ್ ತಣ್ಣಗಿರಲಿ. ಕೀಲಿ ಶಿಕ್ಷಕರ ಜೇಬಿನಲ್ಲಿರಲಿ. ನಾಲ್ಕು ಅವಧಿಗಳಲ್ಲಿ ಒಮ್ಮೆಯೂ ಎಂಜಿನ್ ಚಾಲೂ ಮಾಡುವಂತಿಲ್ಲ. ಯಾವ ವಿದ್ಯಾರ್ಥಿಯೂ ಸೀಟಿನ ಮೇಲೆ ಕೂರುವಂತಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯುವಂತಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಮೊದಲ ಐದು ನಿಮಿಷದಲ್ಲಿ ಕಾನೂನನ್ನು ಬುದ್ಧಿವಾದವಾಗಿ ಅಲ್ಲ, ಮಾಹಿತಿಯಾಗಿ ಕಪ್ಪುಹಲಗೆಯ ಮೇಲೆ ಬರೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಲು 18 ವರ್ಷ ತುಂಬಿರಬೇಕು. ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ಗಾಡಿಗೆ ಮಾತ್ರ, ಪರವಾನಗಿಯೊಂದಿಗೆ, 16 ವರ್ಷ ಸಾಕು. ಹಳ್ಳಿಯಲ್ಲಿ ಹೆಚ್ಚು ಕಾಣುವ ಟಿವಿಎಸ್ ಎಕ್ಸೆಲ್ 100 ಮೊಪೆಡ್ಡಿನ ಎಂಜಿನ್ 99.7 ಸಿಸಿ, ಅದರ ಹಿಂದಿನ ಎರಡು ಸ್ಟ್ರೋಕಿನ ಎಕ್ಸೆಲ್ ಸೂಪರ್ 69.9 ಸಿಸಿ. ಎರಡೂ ಈ ವಿನಾಯಿತಿಗೆ ಒಳಪಡುವುದಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ. ಕೊನೆಯ ವಾಕ್ಯವನ್ನು ಬರೆದು ಸ್ವಲ್ಪ ಹೊತ್ತು ಸುಮ್ಮನಿರಿ. ಆ ಗಾಡಿಯ ಮೇಲೆ ಮನೆಯ ಹಾಲಿನ ದುಡ್ಡು ನಿಂತಿದೆ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಒಂದು ಎಚ್ಚರಿಕೆ: ‘ಯಾರ್ಯಾರು ಗಾಡಿ ಓಡಿಸ್ತೀರಿ, ಕೈ ಎತ್ತಿ’ ಎಂದು ಕೇಳಬೇಡಿ. ಪ್ರಾಮಾಣಿಕ ಮಗು ಸಿಕ್ಕಿಬೀಳುತ್ತದೆ. ಉಳಿದವರು ಸುಳ್ಳು ಕಲಿಯುತ್ತಾರೆ. ‘ಗಾಡಿ ಓಡಿಸುವವರನ್ನು ನೀವು ಗಮನಿಸಿದಂತೆ...’ ಎಂದು ಶುರುಮಾಡಿದರೆ ಎಲ್ಲರೂ ಮಾತಾಡುತ್ತಾರೆ.

4. ಮೊದಲ ಅವಧಿ: ಟೈರಿನ ಹೆಜ್ಜೆ

ಪೀಠಿಕಾ ಪ್ರಶ್ನೆ: ‘ಈ ಸ್ಕೂಟರಿನ ಎಷ್ಟು ಭಾಗ ನೆಲವನ್ನು ಮುಟ್ಟಿದೆ?’

ಮಕ್ಕಳ ಊಹೆಗಳನ್ನು ಹಲಗೆಯ ಮೇಲೆ ಬರೆಯಿರಿ. ಅನಂತರ ಶಿಕ್ಷಕರು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ನೇರವಾಗಿ ಹಿಡಿದುಕೊಳ್ಳಲಿ. ಹಿಂಚಕ್ರದ ಟೈರಿಗೆ ತೆಳುವಾಗಿ ಕೆಮ್ಮಣ್ಣಿನ ನೀರು ಬಳಿದು, ಗ್ರಾಫ್ ಹಾಳೆಯ ಮೇಲೆ ಒಮ್ಮೆ ನಿಲ್ಲಿಸಿ ಹಿಂದಕ್ಕೆ ತೆಗೆಯಿರಿ. ಮೊಟ್ಟೆಯಾಕಾರದ ಒಂದು ಗುರುತು ಮೂಡುತ್ತದೆ. ಗುಂಪುಗಳು ಚೌಕಗಳನ್ನು ಎಣಿಸಲಿ.

ಈಗ ಲೆಕ್ಕ. ಸ್ಕೂಟರು ಮತ್ತು ಸವಾರ ಸೇರಿ 180 ಕೆ.ಜಿ. ಎಂದುಕೊಳ್ಳೋಣ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಭಾರ 1800 ನ್ಯೂಟನ್. ಹಿಂಚಕ್ರದ ಮೇಲೆ 1050, ಮುಂಚಕ್ರದ ಮೇಲೆ 750 ಎಂದು ಹಂಚೋಣ. ಹಿಂಟೈರಿನಲ್ಲಿ 29 ಪಿಎಸ್‌ಐ ಗಾಳಿಯಿದ್ದರೆ ಅದು ಸುಮಾರು 200 ಕಿಲೋಪಾಸ್ಕಲ್. ವಿಸ್ತೀರ್ಣ = ಬಲ ÷ ಒತ್ತಡ. 1050 ÷ 2,00,000 = 0.00525 ಚದರ ಮೀಟರ್, ಅಂದರೆ ಸುಮಾರು 52 ಚದರ ಸೆಂಟಿಮೀಟರ್.

ಮಕ್ಕಳು ತಮ್ಮ ಅಂಗೈಯನ್ನು ಗ್ರಾಫ್ ಹಾಳೆಯ ಮೇಲೆ ಇಟ್ಟು ಗೆರೆ ಎಳೆಯಲಿ. ಟೈರಿನ ಹೆಜ್ಜೆ ಅಂಗೈಗಿಂತ ದೊಡ್ಡದೇನಲ್ಲ. ಇಡೀ ಗಾಡಿ, ಅದರ ಮೇಲಿನ ಮನುಷ್ಯ, ಹಿಂದಿನ ಹೊರೆ ಎಲ್ಲವನ್ನೂ ರಸ್ತೆಗೆ ಕಟ್ಟಿಹಾಕಿರುವುದು ಅಂಥ ಎರಡು ತುಂಡು ರಬ್ಬರು. ತರಗತಿಯಲ್ಲಿ ಸದ್ದು ಅಡಗುವುದು ಇಲ್ಲೇ.

ಸವಾರ ಕೂರದೆ ತೆಗೆದ ಗುರುತು ಲೆಕ್ಕದ ಉತ್ತರಕ್ಕಿಂತ ಚಿಕ್ಕದಾಗಿರುತ್ತದೆ. ಭಾರವೇ ಕಡಿಮೆಯಲ್ಲವೇ? ಟೈರಿನ ಬದಿಯ ರಬ್ಬರು ಗಟ್ಟಿಯಿರುವುದರಿಂದ ಉತ್ತರ ಕರಾರುವಾಕ್ಕಾಗಿ ಹೊಂದುವುದೂ ಇಲ್ಲ. ಈ ವ್ಯತ್ಯಾಸವನ್ನು ಮುಚ್ಚಿಡದೆ ಚರ್ಚೆಗೆ ಬಿಡಿ. ಗಾಳಿ ಕಡಿಮೆಯಾದರೆ ಹೆಜ್ಜೆ ದೊಡ್ಡದಾಗುತ್ತದೆ. ‘ಹಾಗಾದರೆ ಹಿಡಿತ ಹೆಚ್ಚಲ್ಲವೇ?’ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಬದಿಗಳು ಮಡಚಿ ಟೈರು ಬಿಸಿಯಾಗುತ್ತದೆ, ಅಂಚು ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ಓಲಾಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ ಎಂದು ವಿವರಿಸಿ. ಸರಿಯಾದ ಒತ್ತಡವನ್ನು ಗಾಡಿಯ ಕೈಪಿಡಿ ಅಥವಾ ಗಾಡಿಗೆ ಅಂಟಿಸಿದ ಚೀಟಿಯಲ್ಲಿ ಓದಿಸಿ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು.

5. ಎರಡನೆಯ ಅವಧಿ: ನಿಲ್ಲುವುದಕ್ಕೆ ಎಷ್ಟು ದೂರ ಬೇಕು?

ಈ ಘಟಕದ ಹೃದಯ ಇದು. ಇನ್ನೊಂದು ಅವಧಿ ಬೇಕಾದರೂ ತೆಗೆದುಕೊಳ್ಳಿ.

ಚಟುವಟಿಕೆ 1. ಶಿಕ್ಷಕರು ಎಂಜಿನ್ ಆಫ್ ಇರುವ ಗಾಡಿಯ ಪಕ್ಕ ನಿಂತು ನಿಧಾನವಾಗಿ ನೂಕಿಕೊಂಡು ಹೋಗಿ ಮುಂದಿನ ಬ್ರೇಕನ್ನು ಒತ್ತಲಿ. ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವುದನ್ನು ಮಕ್ಕಳು ಬದಿಯಿಂದ ನೋಡಲಿ. ಅನಂತರ ಹಿಂದಿನ ಬ್ರೇಕ್ ಮಾತ್ರ ಒತ್ತಿ ನೋಡಲಿ. ‘ಭಾರ ಯಾವ ಕಡೆ ಹೋಯಿತು?’ ಬಸ್ಸು ಗಕ್ಕನೆ ನಿಂತಾಗ ತಾವು ಮುಂದಕ್ಕೆ ವಾಲುವುದನ್ನು ಮಕ್ಕಳೇ ನೆನಪಿಸುತ್ತಾರೆ.

ಲೆಕ್ಕ ಹೀಗಿದೆ. ಮುಂಚಕ್ರಕ್ಕೆ ಸರಿಯುವ ಭಾರ = ದ್ರವ್ಯರಾಶಿ × ವೇಗ ತಗ್ಗುವ ದರ × ಗುರುತ್ವ ಕೇಂದ್ರದ ಎತ್ತರ ÷ ಚಕ್ರಗಳ ನಡುವಿನ ದೂರ. ಎತ್ತರ 0.6 ಮೀ., ಚಕ್ರಾಂತರ 1.2 ಮೀ., ವೇಗ ತಗ್ಗುವ ದರ ಸೆಕೆಂಡಿಗೆ ಸೆಕೆಂಡಿಗೆ 5 ಮೀ. ಎಂದರೆ 180 × 5 × 0.6 ÷ 1.2 = 450 ನ್ಯೂಟನ್. ಮುಂಚಕ್ರದ 750 ಈಗ 1200 ಆಯಿತು. ಹಿಂಚಕ್ರದ 1050 ಈಗ 600ಕ್ಕೆ ಇಳಿಯಿತು. ಘರ್ಷಣೆ ಭಾರವನ್ನು ಅವಲಂಬಿಸಿದೆ. ಹಾಗಾದರೆ ನಿಲ್ಲಿಸುವ ಶಕ್ತಿ ಯಾವ ಚಕ್ರದಲ್ಲಿ ಹೆಚ್ಚು?

‘ಮುಂದಿನ ಬ್ರೇಕ್ ಮುಟ್ಟಬಾರದು’ ಎಂಬ ನಂಬಿಕೆ ಇಲ್ಲಿ ಅಲ್ಲಾಡುತ್ತದೆ. ಆದರೆ ಆ ನಂಬಿಕೆಯಲ್ಲೂ ಒಂದು ಕಾಳು ಸತ್ಯವಿದೆ, ಅದನ್ನು ಗೌರವಿಸಿ. ಜಲ್ಲಿಯ ಮೇಲೆ, ಹ್ಯಾಂಡಲ್ ತಿರುಗಿಸಿರುವಾಗ, ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರೆ ಮುಂಚಕ್ರ ಜಾರಿ ಬೀಳುವುದು ನಿಜ. ತಪ್ಪು ಬ್ರೇಕಿನದಲ್ಲ, ಹಿಡಿದ ರೀತಿಯದು. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಆರಂಭಿಸಿ, ಭಾರ ಮುಂದೆ ಬಂದಂತೆ ಹೆಚ್ಚಿಸುವುದು ಸರಿಯಾದ ಕ್ರಮ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಎರಡೂ ಬ್ರೇಕು ಕೂಡಿ ಕೆಲಸ ಮಾಡುವ ಸಿಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಚಕ್ರ ಬಿಗಿಹಿಡಿಯದಂತೆ ತಡೆಯುವ ಎಬಿಎಸ್ ಕಡ್ಡಾಯವಾದದ್ದು ಇದೇ ಭೌತವಿಜ್ಞಾನದ ಕಾರಣಕ್ಕೆ.

ಚಟುವಟಿಕೆ 2. ಕಪ್ಪುಹಲಗೆಯ ಮೇಲೆ ಈ ಪಟ್ಟಿಯನ್ನು ಮಕ್ಕಳಿಂದಲೇ ತುಂಬಿಸಿ. ಕಂಡು ಬ್ರೇಕ್ ಒತ್ತುವವರೆಗೆ 1 ಸೆಕೆಂಡು ಎಂದುಕೊಳ್ಳಿ. ಎರಡೂ ಬ್ರೇಕಿಗೆ ವೇಗ ತಗ್ಗುವ ದರ 5, ಹಿಂದಿನದಕ್ಕೆ ಮಾತ್ರ 2.5 ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯಿರಿ.

ಗಂಟೆಗೆ 36 ಕಿ.ಮೀ.: ಎರಡೂ ಬ್ರೇಕ್ 10 + 10 = 20 ಮೀ.; ಹಿಂದಿನದು ಮಾತ್ರ 10 + 20 = 30 ಮೀ.
ಗಂಟೆಗೆ 54 ಕಿ.ಮೀ.: ಎರಡೂ ಬ್ರೇಕ್ 15 + 22.5 = 37.5 ಮೀ.; ಹಿಂದಿನದು ಮಾತ್ರ 15 + 45 = 60 ಮೀ.
ಗಂಟೆಗೆ 72 ಕಿ.ಮೀ.: ಎರಡೂ ಬ್ರೇಕ್ 20 + 40 = 60 ಮೀ.; ಹಿಂದಿನದು ಮಾತ್ರ 20 + 80 = 100 ಮೀ.

ಈಗ ಎಲ್ಲರೂ ಟೇಪು ಹಿಡಿದು ಮೈದಾನಕ್ಕೆ ಹೋಗಿ. 20, 37.5, 60, 100 ಮೀಟರುಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ. ಮೈದಾನ ಸಾಲದೆ ಹೋಗಬಹುದು. ಸಾಲದೆ ಹೋಗುವುದೇ ಪಾಠ. ವೇಗ ಎರಡು ಪಟ್ಟಾದಾಗ ಬ್ರೇಕಿನ ದೂರ 10ರಿಂದ 40ಕ್ಕೆ, ನಾಲ್ಕು ಪಟ್ಟು ಏಕಾಯಿತು ಎಂಬುದನ್ನು ಚಲನೆಯ ಸಮೀಕರಣದಿಂದ ಹೊರಡಿಸಿ.

ಚಟುವಟಿಕೆ 3. ಇದು ನಮ್ಮ ಭಾಗಕ್ಕೇ ಸಲ್ಲುವ ಪ್ರಯೋಗ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿ ವಾಹನಗಳ ಗಾಲಿಯಿಂದ ಒಕ್ಕಣೆ ಮಾಡುವುದನ್ನು ಮಕ್ಕಳು ಕಂಡಿದ್ದಾರೆ. ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಮೊದಲು ಬರಿಯ ಸಿಮೆಂಟು ನೆಲದ ಮೇಲೆ, ಅನಂತರ ಒಣ ಹುಲ್ಲು ಹರಡಿದ ನೆಲದ ಮೇಲೆ, ಆಮೇಲೆ ನೆನೆದ ಹುಲ್ಲಿನ ಮೇಲೆ ಎಳೆದು ಅಳತೆಗಳನ್ನು ಬರೆಯಲಿ. ಘರ್ಷಣೆ ಅರ್ಧಕ್ಕಿಳಿದರೆ ಎರಡೂ ಬ್ರೇಕು ಹಾಕಿದರೂ ವೇಗ ತಗ್ಗುವ ದರ 2.5 ಆಗುತ್ತದೆ. 54 ಕಿ.ಮೀ. ವೇಗದ ಗಾಡಿಗೆ 60 ಮೀಟರು ಬೇಕು. ಹುಲ್ಲಿನ ಮೇಲೆ ಬಂದಮೇಲೆ ಬ್ರೇಕ್ ಹಾಕಿ ಉಪಯೋಗವಿಲ್ಲ. ಹುಲ್ಲು ಕಂಡ ಕೂಡಲೇ, ಟಾರಿನ ಮೇಲಿರುವಾಗಲೇ ವೇಗ ಇಳಿಸಬೇಕು.

ರಸ್ತೆಯಲ್ಲಿ ಒಕ್ಕಣೆ ಮಾಡುವುದು ತಪ್ಪೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಾಗೆ ಮಾಡುವವರು ತರಗತಿಯಲ್ಲಿ ಕೂತಿರುವ ಮಕ್ಕಳ ತಂದೆತಾಯಿಗಳೇ. ಕಣ ಮಾಡಲು ಜಾಗವಿಲ್ಲ, ಆಳಿಲ್ಲ ಎಂಬ ಅವರ ಕಷ್ಟವೂ, ರಾತ್ರಿ ಬರುವ ಬೈಕಿನವನ ಅಪಾಯವೂ ಎರಡೂ ಹಲಗೆಯ ಮೇಲೆ ಬರಲಿ. ತೀರ್ಪು ಕೊಡುವ ಅವಸರ ಶಿಕ್ಷಕರಿಗೆ ಬೇಡ. ಸಂಜೆಯೊಳಗೆ ಹುಲ್ಲು ತೆಗೆಯುವುದು, ಒಂದೇ ಬದಿಗೆ ಹರಡುವುದು, ತಿರುವಿನಲ್ಲಿ ಹರಡದಿರುವುದು, ಗ್ರಾಮ ಪಂಚಾಯ್ತಿಯಲ್ಲಿ ಸಾಮೂಹಿಕ ಕಣ ಕೇಳುವುದು ಇತ್ಯಾದಿ ಸಲಹೆಗಳನ್ನು ಮಕ್ಕಳೇ ಕೊಡಬಲ್ಲರು.

6. ಮೂರನೆಯ ಅವಧಿ: ಹೊರೆ ಮತ್ತು ಚೈನು

40 ಲೀಟರಿನ ಹಾಲಿನ ಕ್ಯಾನು ತುಂಬಿದರೆ ಹಾಲಿನ ತೂಕವೇ ಸುಮಾರು 41 ಕೆ.ಜಿ. ಅದನ್ನು ಹಿಂಚಕ್ರದ ಅಚ್ಚಿನಿಂದ 30 ಸೆ.ಮೀ. ಹಿಂದಕ್ಕೆ ಕಟ್ಟಿದರೆ ಸನ್ನೆಕೋಲಿನ ನಿಯಮದಂತೆ ಮುಂಚಕ್ರದ ಭಾರ 400 × 0.3 ÷ 1.2 = ಸುಮಾರು 100 ನ್ಯೂಟನ್ ಕಡಿಮೆಯಾಗುತ್ತದೆ. ‘ಹ್ಯಾಂಡಲ್ ಹಗುರಾಯ್ತು’ ಎಂದು ಹಾಲು ಹಾಕುವವರು ಹೇಳುವುದು ಇದನ್ನೇ. ಮೊಪೆಡ್ಡಿನಲ್ಲಿ ಕಾಲಿಡುವ ಜಾಗದ ಮೇಲೆ, ಎರಡು ಚಕ್ರಗಳ ನಡುವೆ ಮೂಟೆ ಇಡುವ ರೂಢಿ ಏಕೆ ಜಾಣತನದ್ದು ಎಂಬುದನ್ನು ಮಕ್ಕಳು ಇದೇ ಲೆಕ್ಕದಿಂದ ಹೇಳಲಿ. ಅರ್ಧ ತುಂಬಿದ ಕ್ಯಾನು ಪೂರ್ತಿ ತುಂಬಿದ್ದಕ್ಕಿಂತ ಹೆಚ್ಚು ಕಾಡುವುದೇಕೆ? ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು ಹಾಕಿ ಮೇಜಿನ ಮೇಲೆ ತಳ್ಳಿ ನಿಲ್ಲಿಸಿದರೆ ಜಡತ್ವದ ಪಾಠ ಮುಗಿಯಿತು.

ಚೈನಿಗೆ ಸೈಕಲ್ಲೇ ಸಾಕು. ಎರಡೂ ಹಲ್ಲುಗಾಲಿಗಳ ಹಲ್ಲು ಎಣಿಸಿ, ಪೆಡಲ್ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತು ಎಂದು ಅಳೆಯಲಿ. ಬೈಕಿನಲ್ಲಿ ಇದು ತಿರುಗುಮುರುಗು: ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಮುಂದಿನದು 3 ಸುತ್ತು ಸುತ್ತಿದಾಗ ಚಕ್ರ 1 ಸುತ್ತು. ವೇಗ ಮೂರನೇ ಒಂದು, ತಿರುಚುಬಲ ಮೂರು ಪಟ್ಟು. ಸಣ್ಣ ಬೈಕುಗಳಲ್ಲಿ ಚೈನಿನ ಕೆಳಗಿನ ಎಳೆ ನಡುಭಾಗದಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಮೇಲೆ ಕೆಳಗೆ ಆಡಬೇಕು. ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ. ಸಡಿಲವಾದ ಚೈನು ಕಳಚಿ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಅತಿ ಬಿಗಿಯಾದರೆ ಬೇರಿಂಗು ಸವೆಯುತ್ತದೆ. ಗಿಯರ್ ಹಾಕಿ ಎಂಜಿನ್ ಓಡುತ್ತಿರುವಾಗ ಬಟ್ಟೆಯಿಂದ ಚೈನು ಒರೆಸುವವರು ಬೆರಳು ಕಳೆದುಕೊಳ್ಳುತ್ತಾರೆ. ಎಂಜಿನ್ ಆಫ್, ನ್ಯೂಟ್ರಲ್, ಚಕ್ರವನ್ನು ಕೈಯಲ್ಲಿ ತಿರುಗಿಸಿ ಒರೆಸುವುದು: ಈ ಮೂರು ಮಾತನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಗಿಯರಿಲ್ಲದ ಸ್ಕೂಟರಿನಲ್ಲಿ ಚೈನಿನ ಬದಲು ರಬ್ಬರ್ ಬೆಲ್ಟ್ ಮುಚ್ಚಿದ ಪೆಟ್ಟಿಗೆಯೊಳಗಿರುತ್ತದೆ ಎಂದು ತಿಳಿಸಿದರೆ ಸಾಕು.

7. ನಾಲ್ಕನೆಯ ಅವಧಿ: ಗಾಳಿ, ಪೆಟ್ರೋಲು, ಕಿಡಿ

ಪೀಠಿಕಾ ಪ್ರಶ್ನೆ: ‘ಒಂದು ಲೀಟರ್ ಪೆಟ್ರೋಲು ಉರಿಯಲು ಎಷ್ಟು ಗಾಳಿ ಬೇಕು?’

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 0.74 ಕೆ.ಜಿ. ಪೂರ್ಣ ದಹನಕ್ಕೆ ಅದರ 14.7 ಪಟ್ಟು ತೂಕದ ಗಾಳಿ ಬೇಕು. ಅಂದರೆ ಸುಮಾರು 10.9 ಕೆ.ಜಿ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆ.ಜಿ. ತೂಗುವುದರಿಂದ ಉತ್ತರ ಸುಮಾರು 9 ಘನ ಮೀಟರ್. 6 ಮೀ. ಉದ್ದ, 5 ಮೀ. ಅಗಲ, 3 ಮೀ. ಎತ್ತರದ ತರಗತಿ ಕೋಣೆಯಲ್ಲಿ 90 ಘನ ಮೀಟರ್ ಗಾಳಿಯಿದೆ. ಹತ್ತು ಲೀಟರ್ ಪೆಟ್ರೋಲು ಇಡೀ ಕೋಣೆಯ ಗಾಳಿಯನ್ನು ಬೇಡುತ್ತದೆ! ಈ ಎಲ್ಲ ಗಾಳಿಯೂ ಹಾದುಹೋಗುವುದು ಒಂದು ಏರ್ ಫಿಲ್ಟರಿನ ಮೂಲಕ. ಮಣ್ಣು ರಸ್ತೆಯ ಧೂಳು, ಒಕ್ಕಣೆಯ ಹೊಟ್ಟು ಕಟ್ಟಿಕೊಂಡ ಹಳೆಯ ಫಿಲ್ಟರನ್ನು ಈಗ ಕೈಯಿಂದ ಕೈಗೆ ದಾಟಿಸಿ. ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಅನಂತರ ಸ್ಪಾರ್ಕ್ ಪ್ಲಗ್ಗು. ಊರಿನ ಮೆಕ್ಯಾನಿಕ್ಕುಗಳ ಬಳಿ ಬಿಸಾಡಿದ ಪ್ಲಗ್ಗುಗಳು ಸಿಗುತ್ತವೆ. ಗುಂಪಿಗೆ ನಾಲ್ಕರಂತೆ ಕೊಟ್ಟು ಬಣ್ಣದಿಂದ ವಿಂಗಡಿಸಲು ಹೇಳಿ.
• ತಿಳಿ ಕಂದು: ದಹನ ಸರಿಯಾಗಿದೆ.
• ಒಣ ಕಪ್ಪು ಮಸಿ: ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ, ಫಿಲ್ಟರ್ ನೋಡಬೇಕು.
• ಎಣ್ಣೆ ಮೆತ್ತಿದ ಕಪ್ಪು: ಎಂಜಿನ್ ಆಯಿಲ್ ಉರಿಯುತ್ತಿದೆ (ಹಳೆಯ ಎರಡು ಸ್ಟ್ರೋಕಿನದಾದರೆ ಬೆರೆಸಿದ ಆಯಿಲ್ ಹೆಚ್ಚಾಗಿರಬಹುದು).
• ಬಿಳುಪು, ಸುಟ್ಟಂತೆ: ಗಾಳಿ ಹೆಚ್ಚು ಅಥವಾ ವಿಪರೀತ ಬಿಸಿ.
ಅಪೂರ್ಣ ದಹನದಿಂದ ಮಸಿ ಮತ್ತು ಕಾರ್ಬನ್ ಮಾನಾಕ್ಸೈಡ್ ಬರುತ್ತವೆ ಎಂಬ ಪಠ್ಯದ ವಾಕ್ಯ ಈಗ ಬೆರಳಿಗೆ ಅಂಟುತ್ತದೆ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದೆಂಬ ಎಚ್ಚರಿಕೆಯೂ ಇಲ್ಲೇ ಬರಲಿ.

ಎರಡು ಮತ್ತು ನಾಲ್ಕು ಸ್ಟ್ರೋಕಿನ ವ್ಯತ್ಯಾಸಕ್ಕೆ ನಮ್ಮ ರಾಜ್ಯದ ಚರಿತ್ರೆಯೇ ಉದಾಹರಣೆ. 1960ರ ದಶಕದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಬೈಕುಗಳು ಹೊರಬಂದವು. ಅವು ಎರಡು ಸ್ಟ್ರೋಕಿನವು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿತ್ತು. ಕಿಕ್ ಹೊಡೆಯುವ ಕಡ್ಡಿಯೇ ಗಿಯರ್ ಕಡ್ಡಿಯೂ ಆಗಿತ್ತು. ನಿಮಿಷಕ್ಕೆ 5000 ಸುತ್ತು ತಿರುಗುವಾಗ ಎರಡು ಸ್ಟ್ರೋಕಿನ ಸಿಲಿಂಡರಿನಲ್ಲಿ 5000 ದಹನ, ನಾಲ್ಕು ಸ್ಟ್ರೋಕಿನದರಲ್ಲಿ 2500. ಹೆಚ್ಚು ಶಕ್ತಿ, ಆದರೆ ಉರಿಯದ ಪೆಟ್ರೋಲೂ ಆಯಿಲ್ ಹೊಗೆಯೂ ಹೊರಕ್ಕೆ. ಮನೆಯಲ್ಲಿ ಅಜ್ಜನ ಹಳೆಯ ಯೆಜ್ಡಿ ಇದ್ದರೆ ಅದರ ವಿಷಯ ಕೇಳಿಕೊಂಡು ಬರುವುದು ಒಳ್ಳೆಯ ಗೃಹಪಾಠ.

ಟ್ಯೂನಿಂಗ್ ಬಗ್ಗೆ ಮಕ್ಕಳಿಗೆ ಕುತೂಹಲ ಹೆಚ್ಚು. ಕಾರ್ಬುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಎರಡು ತಿರುಪುಗಳಿವೆ: ಒಂದು ನಿಂತಾಗಿನ ಎಂಜಿನ್ ವೇಗಕ್ಕೆ, ಇನ್ನೊಂದು ಗಾಳಿ-ಪೆಟ್ರೋಲಿನ ಪ್ರಮಾಣಕ್ಕೆ. ಫಿಲ್ಟರ್, ಪ್ಲಗ್, ಆಯಿಲ್ ಸರಿಯಿಲ್ಲದೆ ತಿರುಪು ತಿರುಗಿಸಿ ಪ್ರಯೋಜನವಿಲ್ಲ. ಜ್ವರಕ್ಕೆ ಕಾರಣ ನೋಡದೆ ಥರ್ಮಾಮೀಟರ್ ಅಲ್ಲಾಡಿಸಿದ ಹಾಗೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ನಂತರದ ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಧನ ಇಂಜೆಕ್ಷನ್ ಇರುತ್ತದೆ. ಪ್ರಮಾಣವನ್ನು ಸಂವೇದಕಗಳೇ ನಿರ್ಧರಿಸುತ್ತವೆ. ಇಂತಹ ಬೈಕುಗಳಲ್ಲಿ ಆಕ್ಸಿಲರೇಟರ್ ಬಿಟ್ಟು ಗಿಯರಿನಲ್ಲೇ ಇಳಿಜಾರು ಇಳಿದರೆ ಪೆಟ್ರೋಲಿನ ಸಿಂಪಡಣೆ ಬಹುತೇಕ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನ ಪಾಡಿಗೆ ಪೆಟ್ರೋಲು ಕುಡಿಯುತ್ತಿರುತ್ತದೆ. ಎಂಜಿನ್ನಿನ ತಡೆಯೂ ತಪ್ಪಿಹೋಗುತ್ತದೆ. ಸಾವನದುರ್ಗದ ಸುತ್ತಲಿನಂತಹ ಏರಿಳಿತದ ರಸ್ತೆಗಳಲ್ಲಿ ಈ ತಿಳಿವಳಿಕೆಗೆ ಬೆಲೆಯಿದೆ.

8. ಮೌಲ್ಯಮಾಪನ

1) ಒಂದು ಗಾಡಿ ಗಂಟೆಗೆ 45 ಕಿ.ಮೀ. ವೇಗದಲ್ಲಿದೆ. ಎರಡೂ ಬ್ರೇಕ್ ಹಾಕಿದರೆ ಒಟ್ಟು ಎಷ್ಟು ದೂರದಲ್ಲಿ ನಿಲ್ಲುತ್ತದೆ? (12.5 + 15.6 = ಸುಮಾರು 28 ಮೀ.)
2) ಹಿಂದೆ ಭಾರ ಹೇರಿದಾಗ ಹಿಂಟೈರಿಗೆ ಹೆಚ್ಚು ಗಾಳಿ ಹಾಕಲು ಕೈಪಿಡಿ ಹೇಳುವುದೇಕೆ?
3) ಎಂಜಿನ್ ಆಯಿಲ್ ಕಪ್ಪಾದರೆ ಅದು ಕೆಟ್ಟಿದೆ ಎಂದು ಹೇಳಬಹುದೇ? (ಬಣ್ಣವೊಂದೇ ಸಾಲದು, ಮಸಿಯನ್ನು ತನ್ನೊಳಗೆ ಹಿಡಿದಿಡುವುದೂ ಆಯಿಲಿನ ಕೆಲಸ. ಮಟ್ಟ ಮತ್ತು ಬದಲಿಸಬೇಕಾದ ಅವಧಿಯನ್ನು ನೋಡಬೇಕು.)
4) ಪಟ್ಟಿ ಕಟ್ಟದ ಹೆಲ್ಮೆಟ್ ಏಕೆ ವ್ಯರ್ಥ? ಜಡತ್ವದ ನಿಯಮದಿಂದ ವಿವರಿಸಿ.

ಗೃಹಪಾಠ: ಮನೆಯ ಹಿರಿಯರ ಜೊತೆ ನಿಂತು ಗಾಳಿ, ಬ್ರೇಕ್ ಲಿವರಿನ ಸಡಿಲ, ಆಯಿಲ್ ಮಟ್ಟ, ಚೈನು, ದೀಪಗಳು, ಟೈರಿನ ಸವೆತದ ಗುರುತು ಈ ಆರನ್ನು ನೋಡಿ ಪಟ್ಟಿ ತುಂಬುವುದು, ಹಿರಿಯರ ಸಹಿ ಹಾಕಿಸುವುದು. ಗಾಡಿ ಇಲ್ಲದ ಮನೆಯ ಮಕ್ಕಳು ಸೈಕಲ್ಲಿಗೋ ಶಿಕ್ಷಕರ ಗಾಡಿಗೋ ಇದನ್ನು ಮಾಡಲಿ. ಆ ಸಹಿಯ ನೆಪದಲ್ಲಿ ನಿಲುಗಡೆ ದೂರದ ಪಟ್ಟಿಯೂ ಮನೆಗೆ ತಲುಪುತ್ತದೆ.

9. ಪಾಠ ವೀಕ್ಷಿಸುವ ಬೋಧಕರಿಗೆ

ಪ್ರಶಿಕ್ಷಣಾರ್ಥಿಗೆ ಗಾಡಿಯ ವಿಷಯ ಎಷ್ಟು ಗೊತ್ತು ಎಂಬುದಕ್ಕಿಂತ ಈ ಐದನ್ನು ಗಮನಿಸಿ. ಸ್ಪ್ಯಾನರ್, ಟೇಪು, ತಕ್ಕಡಿ ಹೆಣ್ಣುಮಕ್ಕಳ ಕೈಗೂ ಬಂತೇ, ಅಥವಾ ಅವರು ಪಟ್ಟಿ ಬರೆಯುವುದಕ್ಕಷ್ಟೇ ಉಳಿದರೇ? ಮಕ್ಕಳ ತಪ್ಪು ಕಲ್ಪನೆಯನ್ನು ನಗೆಯಾಡದೆ ಹಲಗೆಯ ಮೇಲೆ ಬರೆದು ಪರೀಕ್ಷೆಗೆ ಒಡ್ಡಲಾಯಿತೇ? ಲೆಕ್ಕದಲ್ಲಿ ‘ಎಂದುಕೊಳ್ಳೋಣ’ ಎಂದು ಹಿಡಿದ ಅಂಕಿಗಳನ್ನು ಅಳೆದ ಅಂಕಿಗಳಿಂದ ಬೇರೆಯಾಗಿ ತೋರಿಸಲಾಯಿತೇ? ಎಂಜಿನ್ ಒಮ್ಮೆಯೂ ಚಾಲೂ ಆಗಲಿಲ್ಲ ತಾನೇ? ಕೊನೆಯದಾಗಿ, ಪಾಠ ಮುಗಿದ ಮೇಲೆ ಪ್ರಶಿಕ್ಷಣಾರ್ಥಿ ಹೆಲ್ಮೆಟ್ ಧರಿಸಿ, ಪಟ್ಟಿ ಕಟ್ಟಿ, ಗೇಟಿನಾಚೆ ಹೋದರೇ? ಮಕ್ಕಳು ಕಿಟಕಿಯಿಂದ ನೋಡುತ್ತಿರುತ್ತಾರೆ. ಐದನೆಯ ಅಂಶಕ್ಕೆ ವೀಕ್ಷಣಾ ಪತ್ರದಲ್ಲಿ ಕಲಮಿಲ್ಲ, ಸೇರಿಸಿಕೊಳ್ಳಬಹುದು.